ಹೆಜ್ಜೆಯ ಲೆಕ್ಕ ಯಾರ ಕೈಯಲ್ಲಿ?

ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುತ್ತಿರುವವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು ಎನ್ನುವುದು ನಮ್ಮ ಹಿರಿಯರ ಪಾಠ. ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಕೇಳಲೇಬೇಕಿದ್ದರೆ ‘ದೂರ ಹೊರಟಿರಾ?’ ಎನ್ನಬೇಕು. ಹೊರಟವರೂ ಊರು, ಕೇರಿ, ಮನೆಯ ವಿವರ ಕೊಡಬೇಕಾಗಿಲ್ಲ. ‘ಹೂಂ, ಇಲ್ಲೇ ಪೇಟೆ ಕಡೆ’ ಎಂದರೆ ಸಾಕು. ಕೇಳಿದವರಿಗೂ ಸಮಾಧಾನ, ಹೊರಟವರಿಗೂ ನಿರಾಳ. ಅಪಶಕುನದ ಮಾತನ್ನು ಬದಿಗಿಟ್ಟು ನೋಡಿದರೆ ಈ ರೂಢಿಯೊಳಗೆ ಒಂದು ವಿವೇಕ ಅಡಗಿದೆ. ಒಬ್ಬ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಅವನಿಗೆ ಸೇರಿದ ಸಂಗತಿ. ಅವನು ಹೇಳಿದಷ್ಟು ಮಾತ್ರ ಉಳಿದವರ ಪಾಲು.

ಇಂದು ನಮ್ಮ ಜೇಬಿನಲ್ಲಿ ಕುಳಿತಿರುವ ಮೊಬೈಲ್ ಫೋನಿಗೆ ಈ ಮರ್ಯಾದೆ ಗೊತ್ತಿಲ್ಲ. ಅದು ‘ಎಲ್ಲಿಗೆ?’ ಎಂದು ಕೇಳುವುದೇ ಇಲ್ಲ. ಹೋದ ದಾರಿ, ನಿಂತ ಜಾಗ, ನಿಂತ ಹೊತ್ತು ಎಲ್ಲವೂ ಎಲ್ಲೋ ಒಂದು ಕಡೆ ದಾಖಲಾಗುತ್ತಾ ಹೋಗುತ್ತವೆ. ದೇವಸ್ಥಾನಕ್ಕೆ ಹೋದದ್ದೂ ಅಲ್ಲಿದೆ, ಡಾಕ್ಟರ ಬಳಿಗೆ ಹೋದದ್ದೂ ಅಲ್ಲಿದೆ, ಹೊಸ ನೌಕರಿಯ ಸಂದರ್ಶನಕ್ಕೆ ಗುಟ್ಟಾಗಿ ಹೋದದ್ದೂ ಅಲ್ಲಿದೆ. ಈ ಲೆಕ್ಕವನ್ನು ಯಾರು ಬರೆಯಬಹುದು, ಎಷ್ಟು ಬರೆಯಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು?

ಈ ಪ್ರಶ್ನೆಗಳು ಮೊಬೈಲಿನ ಜತೆಗೆ ಹುಟ್ಟಿದವು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ, ಜನರ ಹೆಜ್ಜೆಯ ಲೆಕ್ಕ ಬರೆಯುವ ಪದ್ಧತಿಗೆ ನಮ್ಮ ದೇಶದಲ್ಲಿ ಒಂದೂವರೆ ಶತಮಾನದ ಇತಿಹಾಸವಿದೆ. ಆ ಇತಿಹಾಸದಲ್ಲಿ ಬಡವರಿದ್ದಾರೆ, ಪೊಲೀಸರಿದ್ದಾರೆ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿಯೊಬ್ಬರೂ ಇದ್ದಾರೆ.

ಹಾಜರಿ ಪುಸ್ತಕದ ಕಾಲ

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಕೆಲವು ಸಮುದಾಯಗಳು ಹುಟ್ಟಿನಿಂದಲೇ ಕಳ್ಳತನಕ್ಕೆ ಸೇರಿದವು ಎಂಬ ಕಲ್ಪನೆಯ ಮೇಲೆ ನಿಂತ ಕಾನೂನು ಅದು. ಮೊದಲು ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಜಾರಿಯಾಗಿ, 1911ರ ಹೊಸ ಕಾಯ್ದೆಯ ಮೂಲಕ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. ಒಂದು ಸಮುದಾಯದ ಹೆಸರು ಪಟ್ಟಿಗೆ ಸೇರಿದರೆ ಮುಗಿಯಿತು, ಅದರೊಳಗೆ ಹುಟ್ಟಿದವನು ಕಳ್ಳತನ ಮಾಡಿದ್ದಾನೆಯೇ ಇಲ್ಲವೇ ಎಂಬ ವಿಚಾರಣೆಯೇ ಬೇಕಾಗಿರಲಿಲ್ಲ.

ಕಾಯ್ದೆಯ ಮುಖ್ಯ ಆಯುಧ ಲಾಠಿಗಿಂತ ಹೆಚ್ಚಾಗಿ ಪುಸ್ತಕವಾಗಿತ್ತು. ಪಟ್ಟಿಯಲ್ಲಿರುವವರ ಹೆಸರು ಬರೆದುಕೊಳ್ಳುವುದು, ನಿಗದಿತ ಹೊತ್ತಿಗೆ ಹಾಜರಿ ತೆಗೆಯುವುದು, ಗೊತ್ತುಮಾಡಿದ ಗಡಿ ದಾಟಬೇಕಾದರೆ ಪಾಸು ಕೊಡುವುದು, ಪಾಸಿಲ್ಲದೆ ಹೊರಗೆ ಸಿಕ್ಕವರನ್ನು ಹಿಡಿದು ತರುವುದು. ಒಟ್ಟಿನಲ್ಲಿ ‘ಈ ಮನುಷ್ಯ ಈ ಹೊತ್ತಿನಲ್ಲಿ ಎಲ್ಲಿದ್ದಾನೆ?’ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸದಾ ಉತ್ತರ ಇರಬೇಕು ಎನ್ನುವುದೇ ಇಡೀ ಏರ್ಪಾಡಿನ ಉದ್ದೇಶ.

ಇದು ದೂರದ ಕಥೆಯಲ್ಲ. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥ ಸಮುದಾಯಗಳನ್ನು ಕೂಡಿಹಾಕುವ ‘ಸೆಟ್ಲ್‌ಮೆಂಟ್’ಗಳಿದ್ದವು. ಹರಣಶಿಕಾರಿ, ಗಂಟಿಚೋರ, ಕೊರವ ಮೊದಲಾದ ಸಮುದಾಯಗಳ ಕುಟುಂಬಗಳು ಅಲ್ಲಿ ಹಾಜರಿಯ ಕೆಳಗೆ ಬದುಕಿದವು. ಹುಬ್ಬಳ್ಳಿಯ ಗಂಗಾಧರನಗರದ ಕಡೆ ಹೋದರೆ ಇಂದಿಗೂ ಜನರ ಬಾಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಕೇಳಿಬರುತ್ತದೆ. ಬೇಲಿ ಹೋಯಿತು, ಹೆಸರು ಉಳಿಯಿತು.

ಸ್ವಾತಂತ್ರ್ಯ ಬಂದು ಐದು ವರ್ಷಗಳ ನಂತರ, 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡವು. ಆದರೆ ಹೆಜ್ಜೆಯ ಲೆಕ್ಕ ಬರೆಯುವ ಅಭ್ಯಾಸ ಕಾಯ್ದೆಯ ಜತೆಗೆ ಸಾಯಲಿಲ್ಲ. ಅದು ಪೊಲೀಸ್ ಠಾಣೆಯ ಇನ್ನೊಂದು ಪುಸ್ತಕಕ್ಕೆ ವರ್ಗವಾಯಿತು.

ಖರಕ್ ಸಿಂಗ್ ಕೇಳಿದ ಪ್ರಶ್ನೆ

ಆ ಪುಸ್ತಕದ ಹೆಸರು ಹಿಸ್ಟರಿ ಶೀಟ್. ನಮ್ಮಲ್ಲಿ ‘ರೌಡಿ ಶೀಟರ್’ ಎನ್ನುವ ಮಾತು ರೂಢಿಯಲ್ಲಿರುವುದರಿಂದ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ 1941ರಲ್ಲಿ ಡಕಾಯಿತಿಯ ಆರೋಪ ಬಂತು. ಸಾಕ್ಷ್ಯ ಸಾಲದೆ ಬಿಡುಗಡೆಯೂ ಆಯಿತು. ಆದರೆ ಪೊಲೀಸರು ಆತನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಅಲ್ಲಿಂದ ಮುಂದೆ ಆತನ ಮನೆಯ ಸುತ್ತ ಗುಪ್ತ ಕಾವಲು, ರಾತ್ರಿ ಹೊತ್ತು ಬಾಗಿಲು ಬಡಿದು ಎಬ್ಬಿಸುವುದು, ಊರು ಬಿಟ್ಟರೆ ಚೌಕೀದಾರನಿಗೆ ತಿಳಿಸಬೇಕಾದ ಪಾಡು. ಆತ ಹೋಗುವ ಊರಿನ ಠಾಣೆಗೂ ವಿಚಾರಣಾ ಚೀಟಿ ಹೋಗಿ, ‘ಬಂದಿದ್ದಾನೆಯೇ?’ ಎಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆಯೂ ಪೊಲೀಸ್ ನಿಯಮಾವಳಿಯಲ್ಲಿತ್ತು.

ಖರಕ್ ಸಿಂಗ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ. 1962ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾತ್ರಿ ಮನೆಗೆ ನುಗ್ಗುವುದು ತಪ್ಪು ಎಂದು ಆ ಒಂದು ನಿಯಮವನ್ನು ಹೊಡೆದುಹಾಕಿತು. ಉಳಿದದ್ದೆಲ್ಲ ಸರಿ ಎಂದಿತು. ಎಲ್ಲಿಗೆ ಹೋದ, ಯಾವಾಗ ಬಂದ ಎಂದು ಗಮನಿಸುವುದರಿಂದ ಅವನ ಓಡಾಟಕ್ಕೆ ಅಡ್ಡಿಯಾಗುವುದಿಲ್ಲ. ಹೆಚ್ಚೆಂದರೆ ಖಾಸಗಿತನಕ್ಕೆ ಧಕ್ಕೆಯಾಗಬಹುದು, ಅದು ಸಂವಿಧಾನ ಕೊಟ್ಟ ಹಕ್ಕಲ್ಲ ಎನ್ನುವುದು ಬಹುಮತದ ಅಭಿಪ್ರಾಯ.

ಇಬ್ಬರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್, ಅವರ ಜತೆಗಿದ್ದವರು ನ್ಯಾಯಮೂರ್ತಿ ಜೆ.ಸಿ. ಶಾ. ಸುಬ್ಬರಾವ್ ಅವರ ವಾದದ ತಿರುಳು ಇಷ್ಟು: ಕಾಲಿಗೆ ಸರಪಳಿ ಹಾಕದಿದ್ದರೂ ಬೆನ್ನ ಹಿಂದೆ ಸದಾ ಒಂದು ಕಣ್ಣು ಇದೆಯೆಂದು ಗೊತ್ತಿರುವ ಮನುಷ್ಯ ಸ್ವತಂತ್ರವಾಗಿ ನಡೆಯಲಾರ. ಅವನು ಹೋಗಬೇಕೆಂದ ಕಡೆ ಹೋಗುವುದಿಲ್ಲ, ಕಾಣಬೇಕೆಂದವರನ್ನು ಕಾಣುವುದಿಲ್ಲ. ಭಯವೇ ಅವನ ಗಡಿಯಾಗುತ್ತದೆ.

ಸ್ಥಳದ ದತ್ತಾಂಶ ಮತ್ತು ಖಾಸಗಿತನದ ಕುರಿತು ಇಂದು ನಡೆಯುವ ಚರ್ಚೆಯ ಬೇರು ಈ ಭಿನ್ನ ತೀರ್ಪಿನಲ್ಲಿದೆ ಎಂದರೆ ತಪ್ಪಾಗಲಾರದು. ಆಗ ಜಿಪಿಎಸ್ ಇರಲಿಲ್ಲ, ಇದ್ದದ್ದು ಚೌಕೀದಾರ ಮತ್ತು ಚೀಟಿ. ಆದರೂ ಪ್ರಶ್ನೆ ಅದೇ ಆಗಿತ್ತು. 1975ರಲ್ಲಿ ಮಧ್ಯಪ್ರದೇಶದ ಗೋವಿಂದ್ ಎಂಬಾತನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಹೆಜ್ಜೆ ಮುಂದೆ ಹೋಗಿ, ಖಾಸಗಿತನ ಎಂಬ ಹಕ್ಕು ಇರಬಹುದು, ಆದರೆ ಅದಕ್ಕೆ ಮಿತಿಗಳೂ ಉಂಟು ಎಂದಿತು. ಪೊಲೀಸ್ ನಿಯಮಗಳು ಮಾತ್ರ ಉಳಿದುಕೊಂಡವು.

ಟವರ್ ಬರೆದ ದಿನಚರಿ

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖರಾಂ ಅವರಿಗೆ ಮೊಬೈಲಿನಿಂದ ಕರೆ ಮಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಅಂದಿನಿಂದ, ಯಾರೂ ಉದ್ದೇಶಪೂರ್ವಕವಾಗಿ ಯೋಜಿಸದೆಯೇ, ಠಾಣೆಯ ಚೌಕೀದಾರ ಮಾಡುತ್ತಿದ್ದ ಕೆಲಸ ಯಂತ್ರಕ್ಕೆ ಬಂತು.

ಅದು ಹೇಗೆಂದರೆ, ಮೊಬೈಲಿಗೆ ಕರೆ ತಲುಪಿಸಬೇಕಾದರೆ ಅದು ಯಾವ ಟವರಿನ ಆಸುಪಾಸಿನಲ್ಲಿದೆ ಎಂದು ಕಂಪನಿಗೆ ಗೊತ್ತಿರಲೇಬೇಕು. ಅಂಚೆಯವನಿಗೆ ವಿಳಾಸ ಬೇಕಾದಂತೆ ಇದೂ. ಹಾಗಾಗಿ ಫೋನು ಚಾಲೂ ಇರುವಷ್ಟು ಹೊತ್ತು ಹತ್ತಿರದ ಟವರಿಗೆ ‘ನಾನಿಲ್ಲಿದ್ದೇನೆ’ ಎಂದು ಹೇಳುತ್ತಲೇ ಇರುತ್ತದೆ. ಊರೊಳಗೆ ಟವರುಗಳು ದಟ್ಟವಾಗಿರುವುದರಿಂದ ಕೆಲವು ನೂರು ಮೀಟರಿನ ಅಂದಾಜು ಸಿಗುತ್ತದೆ. ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರಿನ ಅಂದಾಜು. ಮಾತಾಡಿದ ಕರೆಯ ವಿವರದ ಜತೆಗೆ ಯಾವ ಟವರಿನ ಮೂಲಕ ಎಂಬುದೂ ದಾಖಲಾಗುತ್ತದೆ. ಇಂಥ ದಾಖಲೆಗಳನ್ನು ಒಂದು ವರ್ಷ ಇಟ್ಟುಕೊಳ್ಳಬೇಕೆಂದು ಕಂಪನಿಗಳಿಗಿದ್ದ ಷರತ್ತನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಏರಿಸಿತು.

ಇನ್ನೊಂದು ದಾರಿ ಜಿಪಿಎಸ್. ಆಕಾಶದಲ್ಲಿರುವ ಉಪಗ್ರಹ ನಮ್ಮನ್ನು ನೋಡುತ್ತಿದೆ ಎಂದು ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಉಪಗ್ರಹಗಳು ಸಮಯದ ಸಂಕೇತವನ್ನು ಕಳಿಸುತ್ತವೆ ಅಷ್ಟೇ. ಹಲವು ಉಪಗ್ರಹಗಳ ಸಂಕೇತ ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ ತಾನೆಲ್ಲಿದ್ದೇನೆಂದು ಕಂಡುಕೊಳ್ಳುವುದು ಫೋನು. ಅಮೆರಿಕದ ಸರ್ಕಾರ ಬಹುಕಾಲ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿದ ಮೇಲೆ ನಿಖರತೆ ಒಮ್ಮೆಲೇ ಹೆಚ್ಚಿತು. ಅಲ್ಲಿಗೆ ಸಮಸ್ಯೆಯ ಮೂಲ ಉಪಗ್ರಹದಲ್ಲಿಲ್ಲ, ಫೋನು ಕಂಡುಕೊಂಡ ಜಾಗವನ್ನು ಅದರೊಳಗಿನ ಆ್ಯಪ್‌ಗಳು ಯಾರಿಗೆ ಕಳಿಸುತ್ತವೆ ಎಂಬುದರಲ್ಲಿದೆ. ಟಾರ್ಚ್ ಹೊತ್ತಿಸುವ ಆ್ಯಪ್‌ಗೆ ನಾವು ಯಾವ ಬೀದಿಯಲ್ಲಿದ್ದೇವೆ ಎಂಬ ವಿಚಾರ ಯಾಕೆ ಬೇಕು? ಕೇಳುವವರು ಕೇಳುತ್ತಾರೆ, ನಾವು ‘ಸರಿ’ ಒತ್ತುತ್ತೇವೆ.

ಹೆಸರಿಲ್ಲದಿದ್ದರೂ ಗುರುತು

ದತ್ತಾಂಶ ಸಂಗ್ರಹಿಸುವವರು ಸಾಮಾನ್ಯವಾಗಿ ಹೇಳುವ ಸಮಾಧಾನದ ಮಾತು ಒಂದಿದೆ: ‘ಹೆಸರು, ಫೋನ್ ನಂಬರು ತೆಗೆದುಬಿಟ್ಟಿದ್ದೇವೆ, ಹೆದರಬೇಡಿ.’ ಈ ಮಾತನ್ನು ಪೂರ್ತಿ ನಂಬುವಂತಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೆಸರಿಲ್ಲದ ಒಂದು ಫೋನು ರಾತ್ರಿಯೆಲ್ಲ ಕೆಂಗೇರಿಯ ಒಂದು ಬೀದಿಯಲ್ಲಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್ ದಾಟಿ ರಾಜಾಜಿನಗರದ ಒಂದು ಶಾಲೆಗೆ ಹೋಗುತ್ತದೆ. ಸಂಜೆ ಐದಕ್ಕೆ ಮತ್ತೆ ಕೆಂಗೇರಿ. ಆ ಬೀದಿಯಲ್ಲಿ ವಾಸವಿದ್ದು ಆ ಶಾಲೆಯಲ್ಲಿ ಕೆಲಸ ಮಾಡುವವರು ಎಷ್ಟು ಮಂದಿ ಇರಬಹುದು? ಬಹುಶಃ ಒಬ್ಬರು. ಹೆಸರು ಅಳಿಸಿದ್ದು ವ್ಯರ್ಥವಾಯಿತು. ಆಮೇಲೆ ಅದೇ ಫೋನು ಪ್ರತಿ ಗುರುವಾರ ಒಂದು ಆಸ್ಪತ್ರೆಯಲ್ಲಿ ಎರಡು ಗಂಟೆ ಇರುತ್ತದೆ ಎಂಬ ಸಂಗತಿಯೂ ಹೊರಬೀಳುತ್ತದೆ. ಮನೆಯವರಿಗೂ ಹೇಳದ ಕಾಯಿಲೆಯ ಸುಳಿವು ಗೊತ್ತಿಲ್ಲದವರ ಕೈಗೆ ಸಿಕ್ಕಂತಾಯಿತು.

ಇದು ಬರೀ ಊಹೆಯಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕ ಮತ್ತು ಬೆಲ್ಜಿಯಂನ ವಿಜ್ಞಾನಿಗಳು 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ದಾಖಲೆಯನ್ನು ಪರಿಶೀಲಿಸಿದರು. ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ವಿವರ ಗೊತ್ತಿದ್ದರೆ ಆ ರಾಶಿಯೊಳಗಿನಿಂದ ಶೇಕಡಾ 95 ಮಂದಿಯ ಜಾಡನ್ನು ಬೇರ್ಪಡಿಸಬಹುದೆಂದು ಅವರು ಕಂಡುಕೊಂಡರು. ಬೆರಳಚ್ಚಿನ ಹಾಗೆ ನಡೆದ ದಾರಿಯೂ ಒಬ್ಬೊಬ್ಬರಿಗೆ ಒಂದೊಂದು. ಜಾಗದ ನಿಖರತೆಯನ್ನು ಸ್ವಲ್ಪ ಮಬ್ಬುಗೊಳಿಸಿದರೂ ಗುರುತು ಸುಲಭವಾಗಿ ಮರೆಯಾಗುವುದಿಲ್ಲ ಎಂದೂ ಅದೇ ಅಧ್ಯಯನ ಹೇಳಿತು.

ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಸ್ ತಮ್ಮದೇ ದಾಖಲೆ ಕೊಡಿ ಎಂದು ದೂರಸಂಪರ್ಕ ಕಂಪನಿಯ ಬೆನ್ನುಬಿದ್ದು, ಆರು ತಿಂಗಳ ಲೆಕ್ಕವನ್ನು ಪಡೆದರು. ಅದರಲ್ಲಿ 35,830 ನಮೂದುಗಳಿದ್ದವು. 2011ರಲ್ಲಿ ಪತ್ರಿಕೆಯೊಂದು ಅದನ್ನು ನಕ್ಷೆಯ ಮೇಲೆ ಇಟ್ಟಾಗ ಅವರ ರೈಲು ಪ್ರಯಾಣ, ಸಭೆ, ನಿದ್ದೆಯ ಹೊತ್ತು ಎಲ್ಲ ಕಣ್ಣಿಗೆ ಕಟ್ಟಿದಂತೆ ಕಂಡಿತು. ತಾವು ಮರೆತ ದಿನಗಳನ್ನೂ ಕಂಪನಿ ಮರೆತಿರಲಿಲ್ಲ.

ಎಲ್ಲರ ದಾರಿಯನ್ನು ಒಟ್ಟುಗೂಡಿಸಿ ತೋರಿಸಿದರೂ ಅಪಾಯ ತಪ್ಪಿದ್ದಲ್ಲ. ಓಟ, ಸೈಕಲ್ ಸವಾರಿಯ ಲೆಕ್ಕವಿಡುವ ಸ್ಟ್ರಾವಾ ಎಂಬ ಆ್ಯಪ್ 2017ರ ಕೊನೆಯಲ್ಲಿ ತನ್ನ ಬಳಕೆದಾರರ ಒಟ್ಟು ಓಡಾಟದ ವಿಶ್ವ ನಕ್ಷೆಯನ್ನು ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೆ 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗಮನಿಸಿದಂತೆ, ಅಫ್ಗಾನಿಸ್ತಾನ, ಸಿರಿಯಾದಂಥ ದೇಶಗಳ ನಿರ್ಜನ ಪ್ರದೇಶಗಳಲ್ಲಿ ಸಣ್ಣ ಸಣ್ಣ ಬೆಳಕಿನ ಗೆರೆಗಳು ಕಂಡವು. ಸೇನಾ ನೆಲೆಗಳಲ್ಲಿ ಬೆಳಗಿನ ವ್ಯಾಯಾಮ ಮಾಡುತ್ತಿದ್ದ ಸೈನಿಕರ ದಾರಿಗಳವು!

ಕರ್ನಾಟಕದ ನ್ಯಾಯಮೂರ್ತಿಯ ಅರ್ಜಿ

ಹೀಗೆ ಯಂತ್ರ ಮುಂದೆ ಓಡುತ್ತಿದ್ದಾಗ ನಮ್ಮ ಕಾನೂನು 1962ರಲ್ಲೇ ನಿಂತಿತ್ತು. ಅದನ್ನು ಅಲ್ಲಾಡಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆಯ ವೇಳೆ ಸರ್ಕಾರದ ಪರ ವಕೀಲರು ಹಳೆಯ ತೀರ್ಪುಗಳನ್ನು, ಮುಖ್ಯವಾಗಿ ಖರಕ್ ಸಿಂಗ್ ತೀರ್ಪನ್ನು ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಆಗ ಈ ಒಂದು ಪ್ರಶ್ನೆಗಾಗಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು.

2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಖರಕ್ ಸಿಂಗ್ ತೀರ್ಪಿನಲ್ಲಿ ಅದಕ್ಕೆ ವಿರುದ್ಧವಾಗಿದ್ದ ಭಾಗ ಬಿದ್ದುಹೋಯಿತು. ಸುಬ್ಬರಾವ್ ಅವರ ಭಿನ್ನ ದನಿಗೆ ಸುಮಾರು 55 ವರ್ಷಗಳ ನಂತರ ನ್ಯಾಯಾಲಯದ ಮನ್ನಣೆ ದೊರೆಯಿತು. ಇನ್ನು ಮುಂದೆ ಸರ್ಕಾರ ಒಬ್ಬರ ಖಾಸಗಿ ಬದುಕಿನೊಳಗೆ ಇಣುಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಇಣುಕುವಿಕೆ ಆ ಉದ್ದೇಶಕ್ಕೆ ಬೇಕಾದಷ್ಟು ಮಾತ್ರ ಇರಬೇಕು ಎಂಬ ಅಳತೆಗೋಲು ಸಿಕ್ಕಿತು. ಪುಟ್ಟಸ್ವಾಮಿಯವರು 2024ರಲ್ಲಿ 98ನೇ ವಯಸ್ಸಿನಲ್ಲಿ ನಿಧನರಾದರು.

ಸಾಗರದಾಚೆಯೂ ಇದೇ ಹೊತ್ತಿನಲ್ಲಿ ಇದೇ ದಿಕ್ಕಿನ ಮಾತು ಕೇಳಿಬಂತು. ಪೊಲೀಸರು ವಾರೆಂಟ್ ಇಲ್ಲದೆ ಟಿಮೊತಿ ಕಾರ್ಪೆಂಟರ್ ಎಂಬ ಆರೋಪಿಯ 127 ದಿನಗಳ ಮೊಬೈಲ್ ಜಾಡನ್ನು ಪಡೆದಿದ್ದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ದಾಖಲೆಗೆ ಸಾಮಾನ್ಯವಾಗಿ ವಾರೆಂಟ್ ಬೇಕು ಎಂದು 2018ರಲ್ಲಿ ಹೇಳಿತು.

ಕೋವಿಡ್ ಒಡ್ಡಿದ ಪರೀಕ್ಷೆ

ಹಕ್ಕು ಕಾಗದದ ಮೇಲಿರುವುದು ಬೇರೆ, ಕಷ್ಟಕಾಲದಲ್ಲಿ ಅದು ನಿಲ್ಲುವುದು ಬೇರೆ. 2020ರಲ್ಲಿ ಕೋವಿಡ್ ಬಂದಾಗ ಅದರ ಪರೀಕ್ಷೆಯಾಯಿತು. ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಮಾರ್ಚ್ ತಿಂಗಳಲ್ಲಿ ಬಹಿರಂಗಪಡಿಸಿತು. ಕೈಗೆ ಮುದ್ರೆ ಬಿತ್ತು. ‘ಕ್ವಾರಂಟೈನ್ ವಾಚ್’ ಎಂಬ ಆ್ಯಪ್ ಮೂಲಕ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆಜ್ಞೆ ಹೊರಟಿತು. ಚಿತ್ರದ ಜತೆಗೆ ಜಾಗದ ಗುರುತೂ ಹೋಗುತ್ತಿತ್ತು.

ಸೋಂಕು ಹರಡದಂತೆ ತಡೆಯುವ ಉದ್ದೇಶ ನ್ಯಾಯವಾದದ್ದೇ. ಆದರೆ ವಿಳಾಸವನ್ನು ಊರಿಗೆಲ್ಲ ಹಂಚಿದ್ದರಿಂದ ಸೋಂಕು ನಿಲ್ಲುತ್ತದೆಯೇ, ಅಥವಾ ಆ ಮನೆಗೆ ಹಾಲು ಹಾಕುವುದು ನಿಲ್ಲುತ್ತದೆಯೇ? ಗಂಟೆಗೊಂದು ಹಾಜರಿ ಎಂದಾಗ ಹುಬ್ಬಳ್ಳಿಯ ಸೆಟ್ಲ್‌ಮೆಂಟಿನ ಹಾಜರಿ ನೆನಪಾಗದೆ ಇರುವುದು ಕಷ್ಟ. ಅದು ಶಿಕ್ಷೆಯಾಗಿತ್ತು, ಇದು ಆರೋಗ್ಯದ ಕಾಳಜಿ ಎಂಬ ವ್ಯತ್ಯಾಸ ದೊಡ್ಡದೇ. ಆದರೂ ಲೆಕ್ಕ ಬರೆಯುವ ಕೈ ಹಳೆಯದೇ ರೀತಿ ಬರೆಯಿತು.

ಕೇಂದ್ರ ಸರ್ಕಾರ 2020ರ ಏಪ್ರಿಲ್ 2ರಂದು ಬಿಡುಗಡೆ ಮಾಡಿದ ಆರೋಗ್ಯ ಸೇತು, ಹತ್ತಿರ ಬಂದ ಫೋನುಗಳನ್ನು ಬ್ಲೂಟೂತ್‌ನಿಂದ ಗುರುತಿಸುವುದರ ಜತೆಗೆ ಜಿಪಿಎಸ್ ಜಾಗವನ್ನೂ ದಾಖಲಿಸುತ್ತಿತ್ತು. ಸಂಗ್ರಹವಾದ ಮಾಹಿತಿಯನ್ನು ಸಾಮಾನ್ಯವಾಗಿ 180 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ ಮೇ ತಿಂಗಳಲ್ಲಿ ಬಂತು. ಅದೇ ವರ್ಷ ಆ್ಯಪಲ್ ಮತ್ತು ಗೂಗಲ್ ಕಂಪನಿಗಳು ಸೇರಿ ಸಿದ್ಧಪಡಿಸಿದ ವ್ಯವಸ್ಥೆ ಜಾಗವನ್ನು ಕೇಳಲೇ ಇಲ್ಲ. ‘ನೀನು ಎಲ್ಲಿದ್ದೆ?’ ಎಂದು ತಿಳಿಯದೆಯೇ ‘ನೀನು ಸೋಂಕಿತರ ಹತ್ತಿರ ಇದ್ದೆ’ ಎಂದು ಹೇಳಲು ಸಾಧ್ಯ ಎಂಬುದನ್ನು ಅದು ತೋರಿಸಿತು.

ಒಂದು ಕೆಲಸಕ್ಕೆಂದು ಬರೆದ ಲೆಕ್ಕ ಇನ್ನೊಂದು ಕೆಲಸಕ್ಕೆ ಹೋಗುವ ಅಪಾಯವನ್ನು ಸಿಂಗಪುರ ತೋರಿಸಿಕೊಟ್ಟಿತು. ಅಲ್ಲಿನ ‘ಟ್ರೇಸ್ ಟುಗೆದರ್’ ಸಂಗ್ರಹಿಸುತ್ತಿದ್ದದ್ದು ಯಾರು ಯಾರ ಹತ್ತಿರವಿದ್ದರು ಎಂಬ ಮಾಹಿತಿ. ಅದನ್ನು ಸೋಂಕಿನ ಪತ್ತೆಗೆ ಮಾತ್ರ ಬಳಸುತ್ತೇವೆ ಎಂಬ ಭರವಸೆ ಜನರಿಗೆ ಸಿಕ್ಕಿತ್ತು. ಪೊಲೀಸ್ ತನಿಖೆಗೂ ಅದು ಸಿಗಬಹುದು ಎಂದು 2021ರ ಜನವರಿಯಲ್ಲಿ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಗದ್ದಲವಾದ ಮೇಲೆ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಕಾನೂನು ಮಾಡಿ ಮಿತಿ ಹಾಕಲಾಯಿತು.

ಮೊದಲು ಯಾರ ಮೇಲೆ?

ಈ ಇತಿಹಾಸದಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹೆಜ್ಜೆಯ ಲೆಕ್ಕ ಬರೆಯುವವರ ಕಣ್ಣು ಮೊದಲು ಬೀಳುವುದು ‘ಬೇಡ’ ಎನ್ನುವ ಶಕ್ತಿ ಇಲ್ಲದವರ ಮೇಲೆ. ಅಂದು ಅಲೆಮಾರಿಗಳು, ಆಮೇಲೆ ಹಿಸ್ಟರಿ ಶೀಟಿನವರು. ಇತ್ತೀಚಿನ ವರ್ಷಗಳಲ್ಲಿ ನಾಗಪುರ, ಚಂಡೀಗಡದಂಥ ನಗರಗಳ ಪೌರಕಾರ್ಮಿಕರ ಕೈಗೆ ಜಿಪಿಎಸ್ ಕೈಗಡಿಯಾರ ಕಟ್ಟಲಾಯಿತು. ಚಂಡೀಗಡದ ಕಾರ್ಮಿಕರು 2020ರಲ್ಲಿ ಇದರ ವಿರುದ್ಧ ಪ್ರತಿಭಟಿಸಿದರು. ಕಸ ಗುಡಿಸುವವರು ಎಲ್ಲಿದ್ದಾರೆಂದು ನಿಮಿಷ ನಿಮಿಷಕ್ಕೂ ತಿಳಿಯಬೇಕೆನ್ನುವ ಕಚೇರಿ, ತನ್ನ ಅಧಿಕಾರಿಗಳ ಕೈಗೂ ಅದೇ ಗಡಿಯಾರ ಕಟ್ಟುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

2024ರ ಜುಲೈ 8ರಂದು ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ಈ ದೃಷ್ಟಿಯಿಂದ ಮಹತ್ವದ್ದು. ಮಾದಕವಸ್ತು ಪ್ರಕರಣದ ಆರೋಪಿ, ನೈಜೀರಿಯಾದ ಪ್ರಜೆ ಫ್ರಾಂಕ್ ವಿಟಸ್ ಎಂಬಾತನಿಗೆ ಜಾಮೀನು ಕೊಡುವಾಗ, ಗೂಗಲ್ ನಕ್ಷೆಯಲ್ಲಿ ತಾನಿರುವ ಜಾಗದ ಗುರುತನ್ನು ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಎಂಬ ಷರತ್ತು ಹಾಕಲಾಗಿತ್ತು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಆ ಷರತ್ತನ್ನು ತೆಗೆದುಹಾಕಿದರು. ಜಾಮೀನಿನ ಮೇಲಿರುವವನ ಪ್ರತಿ ಚಲನೆಯನ್ನೂ ಪೊಲೀಸರು ಸದಾ ಗಮನಿಸುವಂಥ ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದರು. ಆರೋಪಿಯಾದ ಖರಕ್ ಸಿಂಗನಿಗೆ ಸಿಗದೆ ಹೋದದ್ದು ಆರೋಪಿಯಾದ ಇನ್ನೊಬ್ಬನಿಗೆ 62 ವರ್ಷಗಳ ಅನಂತರ ಸಿಕ್ಕಿತು.

ಲೆಕ್ಕಕ್ಕೊಂದು ಮಿತಿ

ಹಾಗಾದರೆ ಜಾಗದ ಮಾಹಿತಿಯನ್ನು ಸಂಗ್ರಹಿಸಲೇಬಾರದೇ? ಹಾಗೆ ಹೇಳಲಾಗದು. ಅಪಘಾತವಾದಾಗ ಆಂಬುಲೆನ್ಸ್ ಬೇಗ ತಲುಪಲು, ತಪ್ಪಿಸಿಕೊಂಡ ಮಗುವನ್ನು ಹುಡುಕಲು, ಊರಿಗೆ ಬಸ್ಸಿನ ಹೊಸ ಮಾರ್ಗ ಎಲ್ಲಿ ಬೇಕೆಂದು ತಿಳಿಯಲು ಅದು ಬೇಕು. ಬೆಂಗಳೂರಿನ ಬಿಎಂಟಿಸಿ 2023ರಲ್ಲಿ ತಂದ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆಯೆಂದು ಪ್ರಯಾಣಿಕರು ನೋಡಬಹುದು. ಬಸ್ಸು ಎಲ್ಲಿದೆ ಎಂದು ತಿಳಿಯುವುದಕ್ಕೂ ಬಸ್ಸಿನೊಳಗಿನ ಒಬ್ಬೊಬ್ಬರೂ ಎಲ್ಲಿಳಿದು ಎಲ್ಲಿಗೆ ಹೋದರು ಎಂದು ತಿಳಿಯುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಿಂದಲೇ ಕೆಲಸವಾಗುವಾಗ ಎರಡನೆಯದಕ್ಕೆ ಕೈಹಾಕಬಾರದು.

ಸಂಗ್ರಹಿಸುವವರು ಪಾಲಿಸಬೇಕಾದ ಎಚ್ಚರಗಳನ್ನು ಈ ಇತಿಹಾಸವೇ ಕಲಿಸುತ್ತದೆ. ಜಾಗ ತಿಳಿಯದೆ ಆಗುವ ಕೆಲಸಕ್ಕೆ ಜಾಗ ಕೇಳಬಾರದು. ಬಡಾವಣೆ ಸಾಕಾದಲ್ಲಿ ಮನೆ ಬಾಗಿಲಿನ ಗುರುತು ಬೇಡ. ಗಂಟೆ ಸಾಕಾದಲ್ಲಿ ಸೆಕೆಂಡಿನ ಲೆಕ್ಕ ಬೇಡ. ದಾರಿಯ ಅಧ್ಯಯನ ಮಾಡುವವರು ದಾರಿಯ ಎರಡು ತುದಿಗಳನ್ನು, ಅಂದರೆ ಮನೆಯನ್ನೂ ಕೆಲಸದ ಜಾಗವನ್ನೂ, ಅಳಿಸಿ ಇಟ್ಟುಕೊಳ್ಳಬೇಕು. ಮಬ್ಬುಗೊಳಿಸಿದ ಮಾತ್ರಕ್ಕೆ ಗುರುತು ಹೋಗದು ಎಂದು 2013ರ ಅಧ್ಯಯನ ಹೇಳಿರುವುದರಿಂದ, ಕೆಲಸ ಮುಗಿದ ಮೇಲೆ ಇಡೀ ದಾಖಲೆಯನ್ನು ಅಳಿಸುವುದೇ ಉಳಿದ ದಾರಿ. ಇಟ್ಟುಕೊಂಡ ಲೆಕ್ಕ ಇಂದಲ್ಲ ನಾಳೆ ಸೋರುತ್ತದೆ, ಇಲ್ಲವೇ ಬೇರೆಯವರ ಕೈಗೆ ಹೋಗುತ್ತದೆ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಮಾಹಿತಿ ಏಕೆ ಬೇಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ಮುಖ್ಯ ತತ್ವ. ಈ ತಿಳಿವಳಿಕೆಯನ್ನು ಕನ್ನಡದಲ್ಲೂ ಪಡೆಯುವ ಆಯ್ಕೆಯನ್ನು ಕಾಯ್ದೆ ಕೊಟ್ಟಿದೆ. ಮಕ್ಕಳ ಜಾಡು ಹಿಡಿಯುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಶಾಲಾ ವಾಹನದ ಪ್ರಯಾಣದ ಹೊತ್ತಿನಲ್ಲಿ ಸುರಕ್ಷತೆಗಾಗಿ ನೋಡುವಂಥದ್ದಕ್ಕೆ ನಿಯಮಗಳಲ್ಲಿ ವಿನಾಯಿತಿ ಇದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು.

ಕಾಯ್ದೆಯಲ್ಲಿ ಕೊರತೆಗಳೂ ಇವೆ. ಜಾಗದ ಮಾಹಿತಿ ಸೂಕ್ಷ್ಮವಾದದ್ದು ಎಂದು ಪರಿಗಣಿಸಿ ಅದಕ್ಕೆ ವಿಶೇಷ ರಕ್ಷಣೆ ಕೊಟ್ಟಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಕಾರಣ ನೀಡಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಹುದು. 1871ರಿಂದ ಹೆಜ್ಜೆಯ ಲೆಕ್ಕ ಬರೆಯುತ್ತ ಬಂದವರು ಹೆಚ್ಚಾಗಿ ಸರ್ಕಾರದವರೇ ಆಗಿರುವಾಗ ಈ ವಿನಾಯಿತಿ ಸಣ್ಣದಲ್ಲ.

ಕಾನೂನು ಏನೇ ಹೇಳಲಿ, ನಮ್ಮ ಕೈಯಲ್ಲೂ ಒಂದಿಷ್ಟು ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್‌ಗೆ ಜಾಗ ತಿಳಿಯಲು ಬಿಟ್ಟಿದ್ದೇವೆ ಎಂದು ಒಮ್ಮೆ ನೋಡಬಹುದು. ‘ಬಳಸುವಾಗ ಮಾತ್ರ’ ಎಂಬ ಆಯ್ಕೆ ಅಲ್ಲಿದೆ. ಈಗಿನ ಫೋನುಗಳಲ್ಲಿ ನಿಖರವಾದ ಜಾಗದ ಬದಲು ಅಂದಾಜು ಜಾಗವನ್ನಷ್ಟೇ ಕೊಡುವ ಅವಕಾಶವೂ ಇದೆ.

ಯೋಚಿಸಿದರೆ ಈ ‘ಅಂದಾಜು ಜಾಗ’ ಎನ್ನುವುದು ನಮ್ಮ ಅಜ್ಜಿಯರಿಗೆ ಹೊಸದೇನಲ್ಲ. ಅದು ‘ಇಲ್ಲೇ ಪೇಟೆ ಕಡೆ’ ಎಂಬ ಹಳೆಯ ಉತ್ತರವೇ. ಕೇಳುವವರು ‘ದೂರ ಹೊರಟಿರಾ?’ ಎಂಬುದಕ್ಕಿಂತ ಹೆಚ್ಚು ಕೇಳದಿರುವುದು, ಹೇಳುವವರು ಬೇಕಾದಷ್ಟೇ ಹೇಳುವುದು, ಮರುದಿನಕ್ಕೆ ಇಬ್ಬರೂ ಅದನ್ನು ಮರೆಯುವುದು. ನಮ್ಮ ಹಜಾರದ ಮರ್ಯಾದೆ ಇದು. ಸರ್ಕಾರಿ ಕಚೇರಿಗಳೂ ಕಂಪನಿಗಳೂ ಇಷ್ಟನ್ನು ಕಲಿತರೆ ಸಾಕು.